ವಾಯುದೇವರಿಗೆ ಗೇಟ್ ಪಾಸ್ ಇಲ್ಲ

ಪತ್ರಿಕೆಯ ಮುಖಪುಟವನ್ನೇ ನುಂಗುವ ‘ಹಸಿರು ಮನೆ’ಯ ಜಾಹೀರಾತು ನೀವೂ ನೋಡಿರುತ್ತೀರಿ. ಎರಡು ಪದರದ ಗಾಜು, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು, ಸುತ್ತ ಗಾಳಿ ನುಸುಳದಂತೆ ರಬ್ಬರ್ ಬೀಡಿಂಗ್, ಐದು ಸ್ಟಾರಿನ ಏಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಸಂಜೆಯ ತಂಪು ಬಿಟ್ಟಿ ಸಿಗುತ್ತದೆ. ಅದನ್ನು ಹೊರಗೆ ನಿಲ್ಲಿಸಿ, ಒಳಗೆ ಏಸಿ ಹಾಕಿ, ಆ ಏಸಿಯಲ್ಲಿ ಕರೆಂಟ್ ಉಳಿಸುವುದಿದೆಯಲ್ಲ, ಅದು ಮಹಾ ಬುದ್ಧಿವಂತಿಕೆ.

ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುತ್ತದೆಂದು ನಂಬಿದವರು ಬಹಳ. ಗೋಡೆ ತೂರಿ ಹೋಗುವ ತಾಮ್ರದ ಪೈಪಿನಲ್ಲಿ ಓಡುವುದು ಅದರ ಗ್ಯಾಸು ಮಾತ್ರ. ನೀವು ಬಿಟ್ಟ ಉಸಿರನ್ನೇ ತಣಿಸಿ ನಿಮ್ಮ ಮುಖಕ್ಕೆ ಊದುತ್ತದೆ. ಲೆಕ್ಕ ಹಾಕಿ: ಹತ್ತಡಿ ಎತ್ತರದ 10x12 ಕೋಣೆಯಲ್ಲಿ ಸುಮಾರು 34,000 ಲೀಟರ್ ಗಾಳಿ. ಮಲಗಿದವರು ತಲಾ ಗಂಟೆಗೆ 13 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರಿದ್ದು, ಬೀಡಿಂಗ್ ನಿಜಕ್ಕೂ ಜಾಹೀರಾತಿನಷ್ಟು ಬಿಗಿಯಾಗಿದ್ದರೆ, ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು (ಪಿಪಿಎಂ) ಇದ್ದದ್ದು ಮೂರು ಗಂಟೆಯಲ್ಲಿ 2,500 ದಾಟುತ್ತದೆ. ಬೆಳಿಗ್ಗೆ ತಲೆಭಾರ. ಆಗ ಏರ್ ಪ್ಯೂರಿಫೈಯರ್ ಬರುತ್ತದೆ. ಅದರ ಹೆಪಾ ಫಿಲ್ಟರ್ ಧೂಳು ಹಿಡಿಯುವುದರಲ್ಲಿ ನಿಸ್ಸೀಮ, ಈ ಅನಿಲವನ್ನು ಮುಟ್ಟುವುದೂ ಇಲ್ಲ. ಇರಲಿ, ಹಸಿರು ದೀಪ ಉರಿಯುತ್ತದಲ್ಲ.

ವಾಸ್ತು ಮಾತ್ರ ಚಾಚೂ ತಪ್ಪುವುದಿಲ್ಲ. ವಾಯುವ್ಯ ಮೂಲೆ ವಾಯುದೇವರದೆಂದು ಗೋಡೆ ಒಡೆಸಿ ಸರಿಮಾಡಿಸುತ್ತಾರೆ, ಆಮೇಲೆ ಅಲ್ಲೇ ಗಾಜು ಕೂರಿಸಿ ಸಿಲಿಕೋನ್ ಬಳಿಯುತ್ತಾರೆ. ಗಾಳಿ ಬಂದಾಗ ತೂರಿಕೊಳ್ಳೋಣವೆಂದರೆ ಬರುವುದಾದರೂ ಎಲ್ಲಿಂದ?

ಕರೆಂಟ್ ಉಳಿಸಲೆಂದೇ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಕಿಟಕಿ ಮುಚ್ಚಿ ಎನ್ನುವುದಿಲ್ಲ, ತೆರೆಯಿರಿ ಎನ್ನುತ್ತದೆ. ಬೆಂಗಳೂರಿನಂಥ ಹವೆಗೆ ಕಾರ್ಪೆಟ್ ಏರಿಯಾದ, ಅಂದರೆ ಗೋಡೆಗಳ ಒಳಗಿನ ನೆಲದ, ಶೇ. 12.5ರಷ್ಟು ತೆರೆಯುವ ಜಾಗ ಬೇಕು. 1,200 ಚದರಡಿ ಮನೆಗೆ ಬಾಲ್ಕನಿ ಬಾಗಿಲೂ ಸೇರಿ 150 ಚದರಡಿ. ಒಂದರ ಹಿಂದೆ ಒಂದು ಸರಿಯುವ ಗಾಜಿನ ಸ್ಲೈಡಿಂಗ್ ಕಿಟಕಿ ತೆರೆಯುವುದೇ ಅರ್ಧ. ಉಳಿದರ್ಧ ಶೋಭೆಗೆ.

ಅಡುಗೆಮನೆಗೆ ಬನ್ನಿ. ಚಿಮಣಿಗೆ ಆರಿಂಚಿನ ಪೈಪು ಬೇಕು. ಕೂರಿಸುವವರು ನಾಲ್ಕಿಂಚಿನ ತೂತಿಗೆ ಹಿಂಡಿ, ಮೂರು ಕಡೆ ಬಗ್ಗಿಸಿ, ಗಾಜು ಮುಚ್ಚಿದ ಯುಟಿಲಿಟಿಗೆ ಬಿಡುತ್ತಾರೆ. ಒಗ್ಗರಣೆಯ ಹೊಗೆ ಒಣಗಿದ ಬಟ್ಟೆಗೆ ಸಂದಾಯ. ಹೊರಗೇ ಬಿಟ್ಟರೂ, ಎಳೆದಷ್ಟು ಗಾಳಿ ಒಳಗೆ ಬರಬೇಕಲ್ಲ? ಕಿಟಕಿ ಮುಚ್ಚಿದ್ದರೆ ನಾತ ತಡೆಯುವ ನೀರು ಆರಿಹೋದ ಬಚ್ಚಲಿನ ಟ್ರ್ಯಾಪಿನಿಂದ (ಮೋರಿಗಿಳಿಯುವ ಬಾಗು ಕೊಳವೆ) ಎಳೆಯುತ್ತದೆ. ಮನೆ ತುಂಬ ಮೋರಿ ನಾತ, ಅದಕ್ಕೊಂದು ರೂಮ್ ಫ್ರೆಶ್‌ನರ್.

ಇಷ್ಟರವರೆಗೆ ನಗಬಹುದು. ಚಳಿಗಾಲದ ಆ ಸುದ್ದಿಗೆ ನಗು ಬರುವುದಿಲ್ಲ. ಚಳಿಯೆಂದು ವೆಂಟಿಲೇಟರಿಗೆ ರಟ್ಟು ತುರುಕಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಸ್ನಾನಕ್ಕೆ ಹೋದವರು ಹೊರಬರುವುದಿಲ್ಲ. ಮರುದಿನ ‘ಅನಿಲ ಸೋರಿಕೆ’ ಎಂದು ಬರೆಯುತ್ತಾರೆ. ಸೋರಿಕೆಯಲ್ಲ ರೀ, ಒಳಗೆ ಗಾಳಿ ಇರಲಿಲ್ಲ! ಗೀಸರ್ ಬಚ್ಚಲಿನ ಹೊರಗಿರಬೇಕು, ಅದರ ಹೊಗೆ ಕೊಳವೆ ಬಯಲಿಗೆ ತೆರೆದಿರಬೇಕು. ಪ್ರತಿ ವರ್ಷ ಹೇಳಿ ಹೇಳಿ ಸಾಕಾಗಿದೆ. ಕೊಳವೆಗೆಂದು ಗೋಡೆ ಕೊರೆಯಲು ಕೇಳಿದರೆ ಅಸೋಸಿಯೇಷನ್ ಒಪ್ಪುವುದಿಲ್ಲ. ಎಲಿವೇಶನ್, ಅಂದರೆ ಹೊರನೋಟ, ಕೆಡುತ್ತದಂತೆ.