ನಾಟಕ ನಮಗೆ ಆಗಿಬರಲ್ಲವಂತೆ!

ನಿನ್ನೆ ರಾತ್ರಿ ಹತ್ತೂವರೆಗೆ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು. 'ನಾಟಕ ನೋಡಿ ಬಂದ್ವಿ. ಈ ನಾಟಕ ಗೀಟಕ ಎಲ್ಲ ನಮಗೆ ಆಗಿಬರಲ್ಲ ಮಾರಾಯ.' ಅದರ ಕೆಳಗೆ ನಾಲ್ಕು ಹೆಬ್ಬೆರಳು. ಮುಗೀತು. ಎರಡೂವರೆ ಸಾವಿರ ವರ್ಷದಿಂದ ನಡೆದು ಬಂದ ಒಂದು ಕಲೆಗೆ ಒಂದೇ ಸಾಲಿನಲ್ಲಿ ತಿಥಿ.

ಅವರಿಗೆ ನಾಟಕ ಹಿಡಿಸಲಿಲ್ಲ ಅಂತ ನನಗೆ ಬೇಜಾರಿಲ್ಲ. ನನಗೇ ಎಷ್ಟೋ ನಾಟಕ ಹಿಡಿಸಿಲ್ಲ. ಮೈ ಉರಿದದ್ದು ಬೇರೆ ವಿಷಯಕ್ಕೆ. ಇದೇ ಜನ ಹೋದ ತಿಂಗಳು ಒಂದು ಸಿನಿಮಾ ನೋಡಿ ಬಂದು ಅರ್ಧ ಗಂಟೆ ಬೈದಿದ್ದರು. ಡೈರೆಕ್ಟರಿಗೆ ಬೈದರು, ಹೀರೋನ ವಿಗ್ಗಿಗೆ ಬೈದರು, ಸೆಕೆಂಡ್ ಹಾಫ್ ಎಳೆದಿದ್ದಾರೆ ಅಂದರು. 'ಸಿನಿಮಾನೇ ನಮಗೆ ಆಗಿಬರಲ್ಲ' ಅಂತ ಒಬ್ಬನೂ ಅನ್ನಲಿಲ್ಲ. ಮುಂದಿನ ಶುಕ್ರವಾರ ಇನ್ನೊಂದಕ್ಕೆ ಹೋದರು. ಸಿನಿಮಾ ಕೆಟ್ಟದಾಗಿದ್ದರೆ ತಪ್ಪು ಆ ಸಿನಿಮಾದ್ದು. ನಾಟಕ ಕೆಟ್ಟದಾಗಿದ್ದರೆ ತಪ್ಪು ಇಡೀ ರಂಗಭೂಮಿಯದ್ದು. ಇದ್ಯಾವ ನ್ಯಾಯ ಸ್ವಾಮಿ?

ಆ ನಾಟಕವನ್ನು ಆರಿಸಿದ್ದು ಹೇಗೆ ಅಂತ ಕೇಳಿ. ಮಧ್ಯಾಹ್ನ ನನ್ನನ್ನೇ ಕೇಳಿದ್ದರು, ಯಾವುದಕ್ಕೆ ಹೋಗೋಣ ಅಂತ. ನಾನು ಮೂರು ಹೆಸರು ಕೊಟ್ಟೆ. ಒಂದೊಂದು ಯಾಕೆ ಅಂತಲೂ ಬರೆದೆ. ಅದನ್ನು ಓದಿದ ಲಕ್ಷಣವೇ ಇಲ್ಲ. ಕೊನೆಗೆ ಹೋದದ್ದು ಪೋಸ್ಟರಿನಲ್ಲಿ ಟೀವಿ ಮುಖ ಇದ್ದ ನಾಲ್ಕನೆಯದಕ್ಕೆ! ಮಿಕ್ಸಿ ಕೊಳ್ಳುವಾಗ ಎರಡು ವಾರ ರಿವ್ಯೂ ಓದುವ ಜನ ನಾಟಕ ಆರಿಸಲು ಎರಡು ನಿಮಿಷ ತೆಗೆದುಕೊಳ್ಳುತ್ತಾರೆ.

ನಾನು ಏಳು ವರ್ಷ ನಾಟಕಗಳಿಗೆ ಲೈಟು ಮಾಡುತ್ತಾ, ಬೆಳಕು ಏರಿಸಿ ಇಳಿಸುವ ಲೈಟ್ ಬೋರ್ಡ್ ಹಿಂದೆ ಕೂತವನು. ಆ ಮೂಲೆಯಿಂದ ಪ್ರೇಕ್ಷಕರ ತಲೆಗಳು ಚೆನ್ನಾಗಿ ಕಾಣುತ್ತವೆ. ದೃಶ್ಯ ಎಳೆದಾಡಿದರೆ ಮೊದಲು ಕೆಮ್ಮು ಶುರುವಾಗುತ್ತದೆ. ಆಮೇಲೆ ಕುರ್ಚಿಗಳು ಕಿರುಗುಡುತ್ತವೆ. ಆಮೇಲೆ ಕತ್ತಲಲ್ಲಿ ಒಂದೊಂದೇ ಮೊಬೈಲು ಮಿಂಚುಹುಳದ ಹಾಗೆ ಮಿಣುಕುತ್ತದೆ. ಯಾವ ವಿಮರ್ಶಕನೂ ಬೇಡ, ಆ ಮೊಬೈಲು ಎಣಿಸಿದರೆ ಸಾಕು, ನಾಟಕದ ಹಣೆಬರಹ ಗೊತ್ತಾಗುತ್ತದೆ. ಜಾಸ್ತಿ ಮಿಣುಕಿದ್ದು ಯಾವಾಗ ಗೊತ್ತಾ? ದೊಡ್ಡ ಹಾಲು, ದೊಡ್ಡ ಮುಖ ಇದ್ದ ಪ್ರಯೋಗಗಳಲ್ಲಿ.

ಕ್ಯಾಮೆರಾ ಎರಡಡಿ ದೂರದಲ್ಲಿ ನಿಂತು ಹುಬ್ಬು ಕುಣಿದದ್ದನ್ನೂ ಹಿಡಿಯುತ್ತದೆ. ರಂಗದ ಮೇಲೆ ಅದೇ ಹುಬ್ಬು ಇಪ್ಪತ್ತನೇ ಸಾಲಿಗೆ ಕಾಣಬೇಕಲ್ಲ! ರಂಗದಲ್ಲೇ ಬೆಳೆದು ಪರದೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅವರು ವಾಪಸ್ ಬಂದರೆ ಹಬ್ಬ. ಉಳಿದವರು ಎದೆಗೆ ಮೈಕು ಸಿಕ್ಕಿಸಿಕೊಂಡು ಪಿಸುಗುಡುತ್ತಾರೆ. ಬಾಲ್ಕನಿಯ ಕೊನೇ ಸಾಲಿನಿಂದ ಅವರ ಮುಖ ಹುಣಸೆ ಬೀಜದಷ್ಟು. ಮುಖ ನೋಡಲೆಂದೇ ಹೋದವರಿಗೆ ಮುಖವೂ ಸಿಗಲಿಲ್ಲ, ನಾಟಕವೂ ಸಿಗಲಿಲ್ಲ. ಅವತ್ತು ಆ ನಟನಿಗೆ ಜ್ವರ ಬಂದು ಬದಲಿ ನಟ ಮಾಡಿದರಂತೂ ಕೇಳಲೇಬೇಡಿ. (ನಾನು ಕಂಡಂತೆ ಎಷ್ಟೋ ಸಲ ಬದಲಿಯವನೇ ಚೆನ್ನಾಗಿ ಮಾಡಿದ್ದಾನೆ. ಅದು ಬೇರೆ ಮಾತು.)

ಇನ್ನು ಕೆಲವರು ಜಾಣರು. 'ನಾವು ಮುಖ ನೋಡಲ್ಲ, ಎಷ್ಟು ದಿನದಿಂದ ಓಡುತ್ತಿದೆ ಅಂತ ನೋಡ್ತೀವಿ' ಅನ್ನುತ್ತಾರೆ. ಸರಿ. ಲಂಡನ್ನಿನಲ್ಲಿ 'ದಿ ಮೌಸ್‌ಟ್ರ್ಯಾಪ್' ಅನ್ನೋ ಪತ್ತೇದಾರಿ ನಾಟಕ 1952ರಿಂದ ನಡೆಯುತ್ತಿದೆ. ನಿಂತದ್ದು ಕೊರೊನಾ ಕಾಲದಲ್ಲಿ ಮಾತ್ರ. ನ್ಯೂಯಾರ್ಕಿನಲ್ಲಿ 'ದಿ ಫ್ಯಾಂಟಮ್ ಆಫ್ ದಿ ಒಪೇರಾ' 1988ರಲ್ಲಿ ಶುರುವಾಗಿ 2023ರ ಏಪ್ರಿಲ್‌ನಲ್ಲಿ ನಿಲ್ಲುವ ಹೊತ್ತಿಗೆ 13,981 ಪ್ರದರ್ಶನ ಕಂಡಿತ್ತು. ದೊಡ್ಡ ಸಂಖ್ಯೆ, ಒಪ್ಪಿದೆ. ಆದರೆ 1952ರ ನಟರು ಇವತ್ತೂ ಅಲ್ಲೇ ನಿಂತಿರುತ್ತಾರೆಯೇ? ಅದೇ ಮಾತು, ಅದೇ ಬಾಗಿಲು, ಮನುಷ್ಯರು ಮಾತ್ರ ಎಷ್ಟೋ ಸಲ ಬದಲಾಗಿದ್ದಾರೆ. ಸಿನಿಮಾ ಆದರೆ ಮೊದಲ ದಿನವೂ ನೂರನೇ ದಿನವೂ ಒಂದೇ. ನಾಟಕ ಮಂಗಳವಾರ ಒಂಥರಾ, ಶನಿವಾರ ಇನ್ನೊಂಥರಾ. ನೀವು ಹೋದ ಸಂಜೆ ಹೇಗಿತ್ತು ಅನ್ನೋದನ್ನು ಓಡಿದ ವರ್ಷಗಳ ಲೆಕ್ಕ ಹೇಳೋದಿಲ್ಲ.

'ಬ್ರಾಡ್‌ವೇ' ಅಂತ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಹೆಸರು ಕೇಳಿದ ಕೂಡಲೇ ಕಣ್ಣರಳಿಸುವವರೂ ಇದ್ದಾರೆ. ಅದು ಮೂಲದಲ್ಲಿ ಕುರ್ಚಿ ಲೆಕ್ಕ ಮಾರಾಯ್ರೆ. ನ್ಯೂಯಾರ್ಕಿನ ಆ ರಂಗಮಂದಿರಗಳ ಗುಂಪಿನಲ್ಲಿ 500 ಅಥವಾ ಅದಕ್ಕಿಂತ ಜಾಸ್ತಿ ಸೀಟು ಇದ್ದರೆ ಬ್ರಾಡ್‌ವೇ. 100ರಿಂದ 499 ಇದ್ದರೆ ಆಫ್ ಬ್ರಾಡ್‌ವೇ. ಅದಕ್ಕೂ ಕಡಿಮೆ ಇದ್ದರೆ ಆಫ್ ಆಫ್. ಬ್ರಾಡ್‌ವೇ ಅನ್ನೋ ರಸ್ತೆಯ ಮೇಲೇ ಇರುವ ಥಿಯೇಟರುಗಳು ಕೈಬೆರಳಲ್ಲಿ ಎಣಿಸುವಷ್ಟು. ನಾಟಕ ಚೆನ್ನಾಗಿದೆ ಅಂತ ಯಾರೂ ಅದಕ್ಕೆ ಮುದ್ರೆ ಒತ್ತಿಲ್ಲ.

ಪೋಸ್ಟರಿನ ಮೇಲೆ ಹಾಕಿಕೊಳ್ಳುವ ವಿಮರ್ಶಕರ ಹೊಗಳಿಕೆ, ರೇಟಿಂಗ್ ನಕ್ಷತ್ರಗಳ ವಿಷಯಕ್ಕೆ ಬಂದರೆ ನನಗೆ ನಗು ತಡೆಯೋಕಾಗಲ್ಲ. 'ಮೊದಲ ಹತ್ತು ನಿಮಿಷ ಅದ್ಭುತ, ಆಮೇಲೆ ನಾನು ನಿದ್ದೆ ಹೋದೆ' ಅಂತ ಯಾರಾದರೂ ಬರೆದರೆ ಪೋಸ್ಟರಿಗೆ ಏರುವುದು 'ಅದ್ಭುತ!' ಮಾತ್ರ. ಎಡಿನ್‌ಬರೋದ ಫ್ರಿಂಜ್ ಉತ್ಸವವನ್ನೇ ನೋಡಿ. 1947ರಲ್ಲಿ ಸ್ಕಾಟ್ಲೆಂಡಿನ ಆ ಊರಿನ ದೊಡ್ಡ ಕಲಾ ಉತ್ಸವಕ್ಕೆ ಎಂಟು ತಂಡಗಳು ಕರೆಯದೇ ಬಂದು ನಾಟಕ ಆಡಿದವು. ಅಲ್ಲಿಂದ ಶುರುವಾದದ್ದು ಈಗ ಒಂದೇ ಆಗಸ್ಟಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರದರ್ಶನಗಳಿಗೆ ಬಂದು ನಿಂತಿದೆ. ಇವನು ಬರಲಿ, ಅವನು ಬೇಡ ಅಂತ ಆರಿಸುವ ಸಮಿತಿ ಇಲ್ಲ. ಜಾಗ ಸಿಕ್ಕರೆ ಯಾರು ಬೇಕಾದರೂ ಆಡಬಹುದು. ಹಾಗಿರುವಾಗ ನಕ್ಷತ್ರ ಎಣಿಸಿಕೊಂಡು ಹೋದರೆ ಎಲ್ಲಿಗೆ ತಲುಪುತ್ತೀರಿ? ಆಕಾಶಕ್ಕೆ.

ಈಗ ನೀವು ಕೇಳುತ್ತೀರಿ. 'ಎಲ್ಲರಿಗೂ ನಿನ್ನ ಹಾಗೆ ಪುರುಸೊತ್ತು ಇರುತ್ತಾ? ತಿಂಗಳಿಗೆ ಒಂದು ಸಂಜೆ ಸಿಗುತ್ತೆ, ಸೇಫಾಗಿರೋದು ನೋಡ್ತೀವಿ.' ಇರೋದೇ ಒಂದು ಸಂಜೆ ಅಂದಮೇಲೆ ಹತ್ತು ನಿಮಿಷ ಜಾಸ್ತಿ ಯೋಚನೆ ಮಾಡಬೇಕಾಗಿತ್ತಲ್ವಾ? ನಿನ್ನೆ ಅವರು ಸೇಫಾಗಿ ಹೋಗಿ ಬಂದದ್ದರ ಫಲ ಗುಂಪಿನಲ್ಲಿ ಬಿದ್ದಿದೆ, ಓದಿಕೊಳ್ಳಿ.

ನಾನೇನು ದೊಡ್ಡ ಸಂಶೋಧನೆ ಮಾಡೋದಿಲ್ಲ. ನಿರ್ದೇಶಕರ ಹೆಸರು ನೋಡುತ್ತೇನೆ. ಅವರ ಹಿಂದಿನ ನಾಟಕ ನೋಡಿದವರು ಯಾರಾದರೂ ಇದ್ದರೆ ಫೋನು ಮಾಡುತ್ತೇನೆ. ನಾಟಕದ ಪರಿಚಯ ಓದುತ್ತೇನೆ. ಅದರಲ್ಲಿ ಬರೀ ಪ್ರಶಸ್ತಿ, ಸನ್ಮಾನಗಳೇ ಇದ್ದು ಕತೆಯ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ದೂರದಿಂದಲೇ ಕೈ ಮುಗಿಯುತ್ತೇನೆ. ಹವ್ಯಾಸಿ ತಂಡದ ಮೊದಲ ಪ್ರಯೋಗಕ್ಕೆ ಹೋಗೋದಿಲ್ಲ. ಒಳಗಿದ್ದವನಾಗಿ ಹೇಳುತ್ತೇನೆ, ಅದು ಟಿಕೆಟ್ ಇಟ್ಟು ಮಾಡುವ ಕೊನೆಯ ರಿಹರ್ಸಲ್. ದೊಡ್ಡ ಊರುಗಳಲ್ಲಿ ಇದನ್ನೇ ಪ್ರಿವ್ಯೂ ಅಂತ ಕರೆದು ಮಾರುತ್ತಾರೆ. ನ್ಯೂಯಾರ್ಕಿನಲ್ಲಿ ಸ್ಪೈಡರ್‌ಮ್ಯಾನ್ ಕತೆಯ ಒಂದು ಮ್ಯೂಸಿಕಲ್ (ಹಾಡು ಕುಣಿತದ ನಾಟಕ) 2010ರ ನವೆಂಬರಿನಿಂದ 2011ರ ಜೂನ್ ತನಕ 182 ಪ್ರಿವ್ಯೂ ಮಾಡಿದ ಮೇಲೆ ಅಧಿಕೃತವಾಗಿ ಶುರುವಾಯಿತು. ಅಷ್ಟೂ ದಿನ ದುಡ್ಡು ಕೊಟ್ಟು ಕೂತವರು ನೋಡಿದ್ದು ರಿಪೇರಿ ಕೆಲಸ.

ಆಮೇಲೆ ಹಾಲು ನೋಡುತ್ತೇನೆ. ಮಾತಿನ ನಾಟಕಕ್ಕೆ ಚಿಕ್ಕ ಹಾಲೇ ಬೇಕು. ನಟ ನಿಟ್ಟುಸಿರು ಬಿಟ್ಟರೆ ನಮ್ಮ ಕಿವಿಗೆ ಬೀಳಬೇಕು. ಹಾಡು ಕುಣಿತದ್ದಾದರೆ ದೊಡ್ಡದೇ ಇರಲಿ. ಮೊದಲ ಸಾಲಿಗೆ ಮುಗಿಬೀಳಬೇಡಿ. ರಂಗ ಎತ್ತರ ಇದ್ದರೆ ಎರಡು ಗಂಟೆ ಕತ್ತು ಎತ್ತಿಕೊಂಡು ನಟರ ಪಾದದರ್ಶನ ಮಾಡಬೇಕಾಗುತ್ತದೆ. ನಾನು ಆರನೇ ಸಾಲಿನ ನಡುವಿನವನು.

ಹಾಡು ಕುಣಿತ ಇಷ್ಟ ಅನ್ನುವವರು ಮ್ಯೂಸಿಕಲ್ಲಿಗೇ ಹೋಗಿ. ನಾಚಿಕೆ ಏನು? 'ನಾಟಕ ಅಂದರೆ ಗಂಭೀರವಾಗಿರಬೇಕು' ಅಂತ ಮೂಗೆಳೆಯುವವರ ಮಾತು ಕೇಳಿ ತಪ್ಪು ಬಾಗಿಲು ತಟ್ಟಬೇಡಿ.

ಇಲ್ಲಿ ಒಂದು ಹೇಳಿಕೊಳ್ಳಬೇಕು. ಬರೆಯೋದೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚಿಸುತ್ತಿದ್ದೆ.

ನಿನ್ನೆ ಆ ಮೆಸೇಜು ಹಾಕಿದವನಿಗೆ ಜೀವನದಲ್ಲಿ ಮೊದಲ ನಾಟಕ ತೋರಿಸಿದ್ದು ನಾನೇ. ನಾನೇ ಲೈಟು ಮಾಡುತ್ತಿದ್ದ ನಾಟಕ. ಕಪ್ಪು ಪರದೆ, ಮೂರು ಕುರ್ಚಿ, ಮೂವರು ಗಂಡಸರು, ಎರಡೂವರೆ ಗಂಟೆ ಸಾವಿನ ಬಗ್ಗೆ ಮಾತು. ಇಂಟರ್ವಲ್ಲೂ ಇಲ್ಲ. ಅದು ಚೆನ್ನಾಗಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಹಿಂದಿನ ಎರಡೂ ಪ್ರಯೋಗಗಳಲ್ಲಿ ಮಿಂಚುಹುಳ ಎಣಿಸಿದ್ದೆನಲ್ಲ! ಆದರೂ ಅವನನ್ನು ಕರೆದೆ. ಯಾಕೆ? ಸೀಟು ಖಾಲಿ ಇತ್ತು. ತಂಡದವರು ತಲಾ ಐದು ಜನರನ್ನು ಕರೆತರಲೇಬೇಕು ಅಂದಿದ್ದರು. ನನಗೆ ನಾಲ್ಕೇ ಸಿಕ್ಕಿದ್ದರು, ಅವನು ಐದನೆಯವನು. 'ಒಳ್ಳೇ ನಾಟಕ ಬಾರೋ' ಅಂತ ಸುಳ್ಳು ಹೇಳಿದೆ. ಅವನು ಕೊನೇ ತನಕ ಕೂತಿದ್ದ. ಆಮೇಲೆ 'ಲೈಟಿಂಗ್ ಚೆನ್ನಾಗಿತ್ತು ಕಣೋ' ಅಂದ. ನಾಟಕದ ಬಗ್ಗೆ ಏನೂ ಹೇಳಲಿಲ್ಲ, ಪಾಪ.

ಅದಾದ ಮೇಲೆ ಅವನು ನೋಡಿದ ಎರಡನೇ ನಾಟಕ ನಿನ್ನೆಯದು. ನಾನು ಕೊಟ್ಟ ಮೂರು ಹೆಸರನ್ನು ಯಾಕೆ ಓದಲಿಲ್ಲ ಅಂತ ಈಗ ಹೊಳೆಯುತ್ತಿದೆ. ನಾನಾಗಿದ್ದರೂ ಓದುತ್ತಿರಲಿಲ್ಲ.

ಹಾಗಂತ ಅವನು ಹೇಳಿದ್ದು ಸರಿ ಅಂತ ನಾನು ಒಪ್ಪಲ್ಲ. ಎರಡು ಕೆಟ್ಟ ನಾಟಕ ನೋಡಿ ನಾಟಕವೇ ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ಎರಡರಲ್ಲಿ ಒಂದು ನನ್ನದೇ ಆದರೂ ಇಲ್ಲ.

ಬೆಳಗ್ಗೆ ಅವನಿಗೆ ಬೇರೆಯಾಗಿ ಮೆಸೇಜು ಮಾಡಿದೆ. ಶನಿವಾರದ ಆಟ, ಚಿಕ್ಕ ಹಾಲು, ಒಂದೂಕಾಲು ಗಂಟೆ, ಹಾಸ್ಯ, ಟಿಕೆಟ್ ನನ್ನದು, ಲೈಟಿಂಗ್ ನನ್ನದಲ್ಲ. ನೀಲಿ ಟಿಕ್ ಬಿದ್ದಿದೆ. ಮೂರು ಗಂಟೆಯಾದ ಮೇಲೆ ಉತ್ತರ ಬಂತು: 'ಅದರಲ್ಲಿ ಯಾರಾದರೂ ಸಾಯ್ತಾರಾ?'

ಇಲ್ಲ ಅಂದಿದ್ದೇನೆ. ಸ್ಕ್ರಿಪ್ಟು ತರಿಸಿಕೊಂಡು ಖಚಿತ ಮಾಡಿಕೊಳ್ಳುತ್ತಿದ್ದೇನೆ. ಬೇರೆ ಯಾರಾದರೂ ಬರೋದಿದ್ದರೆ ನಾಟಕ ಶುರು ಅಂತ ಮೂರನೇ ಬೆಲ್ ಹೊಡೆಯುವ ಮುಂಚೆ ಬನ್ನಿ. ಲೈಟು ಆರಿದ ಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಸೀಟು ಹುಡುಕಿದಿರೋ, ನಾನು ನಿಮ್ಮನ್ನು ನೋಡೇ ಇಲ್ಲ ಅನ್ನೋ ಹಾಗೆ ಕೂರುತ್ತೇನೆ.