‘ಎಲ್ಲಾ ಸುಳ್ಳು’ ಅಂತ ಬರೆದರೆ ಕೇಸ್ ಬಿದ್ದುಹೋಗುತ್ತದಾ?

ಬ್ಯಾಂಕ್ ನಿಮ್ಮ ಆಸ್ತಿಯ ಸ್ವಾಧೀನಕ್ಕೆ ದಾವೆ ಹಾಕಿದರೆ ‘ಎಲ್ಲಾ ಸುಳ್ಳು’ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು ಎಂಬ ಸಂದೇಶ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇದೆ. ಸಾಲದ ಚಿಂತೆಯಲ್ಲಿ ನಂಬುವುದು ಸಹಜ ಅಲ್ವಾ? ಆದರೆ ಅದು ಸರಿಯಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶ, 3ರಿಂದ 5ನೇ ನಿಯಮ ಓದಿ. ಪ್ರತಿ ಆರೋಪಕ್ಕೂ ಬಿಡಿಬಿಡಿಯಾಗಿ ಉತ್ತರಿಸಬೇಕು. ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿದಂತೆ ಎಣಿಸಬಹುದು. ಕಟ್ಟಿದ ಕಂತು ಲೆಕ್ಕಕ್ಕೆ ಸೇರಿಲ್ವಾ? ತಾರೀಖು, ಮೊತ್ತ ಬರೆದು ರಸೀದಿ ಲಗತ್ತಿಸಿ. ಸಮನ್ಸ್ ಸಿಕ್ಕ 30 ದಿನದೊಳಗೆ ಉತ್ತರ ಸಲ್ಲಿಸಬೇಕೆಂಬುದು ಸಾಮಾನ್ಯ ನಿಯಮ.

ದಾವೆಯಿಲ್ಲದೆ 2002ರ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಕಾನೂನು) 60 ದಿನದ ನೋಟಿಸ್ ಬಂದಿದ್ದರೆ ದಾರಿಯೇ ಬೇರೆ.

ಸಂದೇಶದಲ್ಲಿ ಕಲಮಿನ ಸಂಖ್ಯೆ ಇದೆಯಾ ನೋಡಿ. ಇದ್ದರೆ ಸರ್ಕಾರದ ಕಾನೂನು ಸಂಗ್ರಹವಾದ ಇಂಡಿಯಾ ಕೋಡ್ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು.