ಟೇಕಡಿಯ ಕಳ್ಳಿಯನ್ನು ಕಡಿಯಬೇಡಿ

ಇವತ್ತು ಪುಣೆಯ ವೇತಾಳ ಟೇಕಡಿ (ಮರಾಠಿಯಲ್ಲಿ ಟೇಕಡಿ ಅಂದರೆ ಗುಡ್ಡ) ಹತ್ತಿದವನು ಅರ್ಧದಲ್ಲೇ ಇಳಿದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಸಸಿ ನೆಡುವ ಗುಂಡಿಗೆ ಜಾಗ ಬೇಕು ಅಂತ ಇಳಿಜಾರಿನ ಎಲೆಗಳ್ಳಿ ಮೆಳೆಯನ್ನು ಬುಡಸಮೇತ ಕಡಿದು ಹಾಕಿದ್ದಾರೆ. ಆಳೆತ್ತರದ ಮೆಳೆ ಅದು. ಕಡಿದಲ್ಲೆಲ್ಲ ಹಾಲು ಸುರಿದು ಕರಿಕಲ್ಲಿನ ಮೇಲೆ ಹೆಪ್ಪುಗಟ್ಟಿತ್ತು.

ಯಾಕೆ ಕಡಿದಿರಿ ಅಂತ ಕೇಳಿದೆ. 'ಇದು ಬರೀ ನಿವಡುಂಗ (ಮರಾಠಿಯಲ್ಲಿ ಕಳ್ಳಿ), ನಾವು ಟೇಕಡಿಯನ್ನು ಹಸಿರು ಮಾಡ್ತಿದ್ದೇವೆ' ಅಂದರು. ಕಳ್ಳಿ ಹಸಿರಲ್ವಾ? ಬೇಸಿಗೆಯಲ್ಲಿ ಎಲೆ ಉದುರಿಸಿದರೂ ಅದರ ಹಸಿರು ಕಾಂಡವೇ ಎಲೆಯ ಕೆಲಸ ಮಾಡುತ್ತದೆ. ಪುಣೆಯಲ್ಲಿ ಮಳೆ ಅಂದರೆ ಹೆಚ್ಚೂಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಎಂಟು ತಿಂಗಳು ಒಣ. ಬಂಡೆಯ ಮೇಲೆ ಗೇಣು ಮಣ್ಣು. ಅಲ್ಲಿ ಯಾರೂ ನೀರು ಹಾಕದೆ ಬದುಕುವುದನ್ನು ಕಲಿತ ಗಿಡ ಇದು.

ನಮ್ಮ ವಾಕಿಂಗ್ ಗುಂಪಿನ ಗೆಳೆಯರೇ ಒಬ್ಬರು, 'ಬಿಡ್ರಿ, ಕ್ಯಾಕ್ಟಸ್ ಹೊರಗಿನಿಂದ ಬಂದದ್ದಲ್ವಾ' ಅಂದರು. ಅಲ್ಲ! ಅಮೆರಿಕದಿಂದ ಬಂದದ್ದು ಪಾಪಾಸುಕಳ್ಳಿ. ಅದನ್ನು ಮುರಿದರೆ ಹಾಲು ಬರುವುದಿಲ್ಲ. ಎಲೆಗಳ್ಳಿ ಯೂಫೋರ್ಬಿಯಾ, ಬೇರೆ ಕುಟುಂಬವೇ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು 'ಕಣಗಿಲೆಯಂಥ ಎಲೆಯದು' ಅಂತ ಹೆಸರಿಸಿದ. ಹೊರಗಿನದು ಬೇಕಿದ್ದರೆ ಇದೇ ಟೇಕಡಿಯ ಗ್ಲಿರಿಸಿಡಿಯಾ ನೋಡಿ. ಮೆಕ್ಸಿಕೋ ಕಡೆಯ ಮರ, ಬೇಗ ಬೆಳೆಯುತ್ತೆ ಅಂತ ತಂದು ನೆಟ್ಟದ್ದು. ಅದರ ಕೆಳಗೆ ನನಗೆ ಒಣ ಎಲೆ ಬಿಟ್ಟು ಜಾಸ್ತಿ ಏನೂ ಕಂಡಿಲ್ಲ. ಕಳ್ಳಿ ಮೆಳೆಯೊಳಗೆ ಇಣುಕಿ. ಮುಳ್ಳಿನ ಮರೆಯಲ್ಲಿ ಬಿದ್ದ ಬೀಜ ಆಡಿನ ಬಾಯಿಗೆ ಸಿಗದೆ ಚಿಗುರುತ್ತದೆ. ಬಳ್ಳಿ ಹಬ್ಬುತ್ತದೆ. ಹೋದ ವರ್ಷ ಈ ಮೆಳೆಯಲ್ಲೇ ಪಿಕಳಾರ ಗೂಡು ಕಟ್ಟಿತ್ತು.

ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳು ಓಡಾಡುವ ಜಾಗ ಅನ್ನುತ್ತಾರೆ. ಅಪಾಯ ನಿಜ. ಹಾಗಾದರೆ ಮಕ್ಕಳಿಗೆ ಮುಟ್ಟಬೇಡಿ ಅಂತ ಹೇಳಿಕೊಡೋಣ. ಆಯುರ್ವೇದದವರು ಭಗಂದರಕ್ಕೆ (ಗುದದ ಬಳಿ ಆಗುವ ಫಿಸ್ಟುಲಾ ಹುಣ್ಣಿಗೆ) ಬಳಸುವ ಕ್ಷಾರಸೂತ್ರದ ದಾರಕ್ಕೆ ಇದೇ ಹಾಲು ಸವರುತ್ತಾರೆ. ವಿಷ ಅಂತ ಕಿತ್ತು ಹಾಕಿದ್ದರೆ ಆ ಔಷಧಿ ಎಲ್ಲಿರುತ್ತಿತ್ತು?

ಒಂದು ಮಾತು ಹೇಳಲೇಬೇಕು. ನಾನೂ ಕಳ್ಳಿ ಕಡಿದವನೇ. ವಿಜಯಪುರದ ನಮ್ಮ ಹೊಲಕ್ಕೆ ಅಜ್ಜಿ ಹಚ್ಚಿದ ಕಳ್ಳಿಬೇಲಿ ಇತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಅದನ್ನು ತೆಗೆಸಿ ಮುಳ್ಳುತಂತಿ ಹಾಕಿಸಿದೆ. ಅಜ್ಜಿ ಬೈಯಲಿಲ್ಲ. ಎರಡು ದಿನ ಹೊಲದ ಕಡೆ ಬರಲಿಲ್ಲ, ಅಷ್ಟೇ. ಇವತ್ತು ಕಲ್ಲಿನ ಮೇಲೆ ಆ ಹಾಲು ನೋಡಿದಾಗ ನೆನಪಾದದ್ದು ಅವಳ ಮುಖ.

ಹಸಿರು ಬೇಕು ಅನ್ನುವವರ ಮೇಲೆ ನನಗೆ ದ್ವೇಷ ಇಲ್ಲ. ಗುಂಡಿ ತೋಡುವ ಮುಂಚೆ ಅಲ್ಲಿ ಏನಿದೆ ಅಂತ ನೋಡಿ. ಇಷ್ಟೇ ಕೇಳುವುದು.

ಕಡಿದ ಐದು ತುಂಡುಗಳನ್ನು ಚೀಲದಲ್ಲಿ ತಂದಿದ್ದೇನೆ. ಬಾಲ್ಕನಿಯಲ್ಲಿ ಗಾಯ ಒಣಗುತ್ತಿವೆ. ವಾರ ಬಿಟ್ಟು ಮಣ್ಣಿಗೆ ಊರಿದರೆ ಬೇರು ಬಿಡುತ್ತವೆ. ಪುಣೆಯ ಕೋಥ್ರೂಡ್ ಕಡೆ ಇರುವವರು ಯಾರಾದರೂ ಎರಡು ತುಂಡು ಒಯ್ಯಿರಿ. ಕೈಗೆ ಗವಸು ಇರಲಿ.